ಅತ್ತಿಗೆಯ ಕೈಗುಣ

ನಮ್ಮ ಬೀದಿಯಲ್ಲಿ ನೆಟ್ಟಗೆ ತಲೆ ಬಾಚಿಕೊಂಡು ಓಡಾಡುವವರೆಲ್ಲ ನನ್ನ ಅತ್ತಿಗೆಯ ಕತ್ತರಿಗೆ ತಲೆ ಕೊಟ್ಟವರು. ಉಳಿದವರು ಬೋಳುತಲೆಯವರು. ಉತ್ಪ್ರೇಕ್ಷೆ ಅನ್ನಿಸಿದರೆ ಬಂದು ನೋಡಬಹುದು. ಅವಳ ಅಂಗಡಿಯಲ್ಲಿರುವುದು ಒಂದೇ ಕುರ್ಚಿ, ಗೋಡೆ ತುಂಬ ಕನ್ನಡಿ, ಕಾಯುವವರಿಗೆ ಒಂದು ಮರದ ಬೆಂಚು, ತಲೆ ತೊಳೆಯಲು ಅಂಚು ಒಡೆದ ಒಂದು ಬೇಸಿನ್ನು. ಅದರ ಪಕ್ಕದ್ದೇ ನನ್ನ ಲಾಂಡ್ರಿ. ನಡುವೆ ಇರುವ ಗೋಡೆ ಎಷ್ಟು ತೆಳುವೆಂದರೆ ಅಲ್ಲಿ ಕತ್ತರಿ ಆಡಿದ್ದು ಇಲ್ಲಿ ಇಸ್ತ್ರಿ ಮಾಡುವ ನನಗೆ ಕೇಳುತ್ತದೆ.

ಅತ್ತಿಗೆ ಎಂದ ಮೇಲೆ ಬಹುವಚನ ಕೊಡಬೇಕು. ನಾನು ಕೊಟ್ಟಿಲ್ಲ. ಒಂದು, ಅವಳು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಇನ್ನೊಂದು, ನನ್ನ ಅಣ್ಣನ ಕೈಹಿಡಿದು ಮನೆಗೆ ಬಂದ ದಿನವೇ ಅವಳು ನನ್ನ ತಲೆಯನ್ನು ಹಿಂದಿನಿಂದ ನೋಡಿ, “ಇದನ್ನ ಯಾರು ಕತ್ತರಿಸಿದ್ದು, ಇಲಿಯಾ?” ಎಂದು ಕೇಳಿದಳು. ಕತ್ತರಿಸಿದ್ದು ನಾನೇ, ಬಚ್ಚಲುಮನೆಯ ಕನ್ನಡಿ ನೋಡಿಕೊಂಡು. ಅವತ್ತೇ ತೀರ್ಮಾನ ಮಾಡಿದೆ, ಊರೆಲ್ಲ ಹೋಗಿ ಅವಳ ಕುರ್ಚಿಯಲ್ಲಿ ಕೂತರೂ ನಾನು ಕೂರುವುದಿಲ್ಲ ಎಂದು. ನಾದಿನಿ ಎಂದರೆ ಸುಮ್ಮನೆಯೇ? ವರ್ಷಗಟ್ಟಲೆ ಆ ಮಾತಿಗೆ ನಿಂತೆ, ಇಲಿ ಕಡಿದ ತಲೆಯಲ್ಲೇ.

ಆದರೆ ಅವಳ ಕೈಗುಣದ ಬಗ್ಗೆ ನಾನು ಎರಡು ಮಾತಾಡಿದವಳಲ್ಲ. ಕತ್ತರಿ ಕಂಡರೆ ಬೀದಿ ಕೇಳುವಂತೆ ಅರಚುವ ಮಕ್ಕಳು ಅವಳು ನೆತ್ತಿಗೆ ಬೆರಳಿಟ್ಟ ಕೂಡಲೇ ತೆಪ್ಪಗಾಗುತ್ತಿದ್ದವು. ಮನೆಯಲ್ಲಿ ಕಣ್ಣು ಮುಚ್ಚದ ಮುದುಕರು ಅವಳ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ದೊಡ್ಡ ಕಾಯಿಲೆಯಿಂದ ಎದ್ದು ಕೂದಲು ಮತ್ತೆ ಬರಿಸಿಕೊಂಡವರು ಮೊದಲ ಕತ್ತರಿ ಇವಳದ್ದೇ ಆಗಲಿ ಎಂದು ಎಲ್ಲಿಂದಲೋ ಬರುತ್ತಿದ್ದರು. ಬಣ್ಣ ಹಚ್ಚುವುದು, ಶಾಂಪೂ ಹಾಕಿ ತೊಳೆಯುವುದು, ಎಲ್ಲ ಬರಿಗೈಯಲ್ಲೇ. ಕೈಗವಸು ಹಾಕಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, ತಲೆ ಏನು ಹೇಳುತ್ತದೆ ಅನ್ನುವುದು ಬೆರಳಿಗೆ ಗೊತ್ತಾಗಬೇಕು, ನಡುವೆ ರಬ್ಬರು ಬಂದರೆ ಕೈಗುಣ ಅಲ್ಲೇ ನಿಂತುಹೋಗುತ್ತದೆ ಎನ್ನುತ್ತಿದ್ದಳು. ಅದು ಅವಳ ಹೆಮ್ಮೆ, ಅವಳ ಹಟ ಕೂಡ.

ಆ ಕೈಗಳ ಸ್ಥಿತಿ ನನಗೆ ಗೊತ್ತಿತ್ತು. ಬಟ್ಟೆ ಒಗೆಯುವವರ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಅವಳ ಅಂಗಡಿಯ ಟವೆಲ್ಲುಗಳು ಒಗೆಯಲು ಬರುವುದು ನನ್ನಲ್ಲಿಗೇ. ಅವುಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕಿಗಳು ಇರುತ್ತಿದ್ದವು. ಒಮ್ಮೆ ಕೇಳಿದ್ದಕ್ಕೆ ಕತ್ತರಿ ತಾಗಿತು ಎಂದಳು. ದಿನಾ ಕತ್ತರಿ ತಾಗುವಷ್ಟು ಕೈಲಾಗದವಳಲ್ಲ ಅವಳು. ಆದರೂ ಬಾಯಿಗೆ ಬೀಗ ಹಾಕಿಕೊಂಡೆ, ಚುಕ್ಕಿಗಳನ್ನು ತಣ್ಣೀರಲ್ಲಿ ನೆನೆಸಿ ತೆಗೆದೆ. ಕೆಲಸವಿಲ್ಲದ ಹೊತ್ತಿನಲ್ಲಿ ಅವಳ ಕೈಗಳು ಯಾವಾಗಲೂ ಏಪ್ರನ್ನಿನ ಜೇಬಿನಲ್ಲೇ ಇರುತ್ತಿದ್ದವು.

ಬೊಗಸೆ ಮನೆಗೆ ಬಂದದ್ದು ಆ ಏಪ್ರನ್ನಿನಲ್ಲೇ. ಯಾರೋ ಅಂಗಡಿಯ ಮೆಟ್ಟಿಲ ಮೇಲೆ ಒಂದು ಬಿಳಿ ನಾಯಿಮರಿಯನ್ನು ಬಿಟ್ಟುಹೋಗಿದ್ದರು. ಅತ್ತಿಗೆ ಎತ್ತಿಕೊಂಡರೆ ಎರಡು ಕೈಯ ಬೊಗಸೆಯಲ್ಲಿ ಸರಿಯಾಗಿ ಹಿಡಿಯಿತು. ಹೆಸರು ಹುಡುಕುವ ಕಷ್ಟ ಬರಲಿಲ್ಲ. ದೊಡ್ಡದಾದ ಮೇಲೂ ಅದೇನೂ ದೊಡ್ಡದಾಗಲಿಲ್ಲ. ಅಣ್ಣ ಸರಕು ಲಾರಿ ಓಡಿಸುವವನು, ಮಾತು ಕಡಿಮೆ. ಮನೆಯಲ್ಲಿ ನಾಯಿ ಕೂಡದು ಎಂದು ಒಂದು ವಾರ ಹೇಳಿದ. ಎಂಟನೇ ದಿನ ಅದನ್ನು ಕೋಟಿನ ಒಳಗೆ ಇಟ್ಟುಕೊಂಡು ಸಾಮಾನು ತರಲು ಹೋದ. ಅಲ್ಲಿಗೆ ಆ ವಿಷಯ ಮುಗಿಯಿತು.

ಹಗಲೆಲ್ಲ ಬೊಗಸೆ ಟವೆಲ್ಲಿನ ಬುಟ್ಟಿಯಲ್ಲಿ ಮಲಗಿ ಗಿರಾಕಿಗಳನ್ನು ಗಮನಿಸುತ್ತಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರಿಬ್ಬರಿಗೂ ಒಂದು ಕಟ್ಟಳೆ. ಅತ್ತಿಗೆ ಒಳಗೆ ಹೋಗಿ ಕೈ ತೊಳೆದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಬೊಗಸೆ ತೊಡೆ ಹತ್ತಿ ಅವಳ ಎರಡೂ ಕೈಗಳನ್ನು ನೆಕ್ಕುತ್ತಿತ್ತು. ಅಂಗೈ, ಮುಂಗೈ, ಬೆರಳ ಸಂದು, ಉಗುರಿನ ಬುಡ, ಒಂದನ್ನೂ ಬಿಡುತ್ತಿರಲಿಲ್ಲ. ಇಷ್ಟು ಶ್ರದ್ಧೆಯಿಂದ ನಾನು ಕಾಲರನ್ನೂ ತಿಕ್ಕುವುದಿಲ್ಲ. ಬೀದಿಯವರು ನಿಂತು ನೋಡಿ ನಗುತ್ತಿದ್ದರು. ನನ್ನ ಕೈ ನೋಡಿಕೊಳ್ಳುವವನು ಇವನೊಬ್ಬನೇ ಎಂದು ಅತ್ತಿಗೆ ಬೀಗುತ್ತಿದ್ದಳು. ಅಣ್ಣನಿಗೆ ಕೇಳಿಸುವಂತೆಯೇ ಹೇಳುತ್ತಿದ್ದಳು.

ಮೊದಲು ಬದಲಾಗಿದ್ದು ನೀರಿನ ಬಟ್ಟಲು. ತುಂಬಿಸಿ ತಿರುಗುವಷ್ಟರಲ್ಲಿ ಖಾಲಿ. ಕುಡಿದದ್ದು ಹೋಗಬೇಕಲ್ಲ, ಮೂಲೆಯಲ್ಲಿ, ಬೆಂಚಿನ ಕೆಳಗೆ, ಒಮ್ಮೆ ಗಿರಾಕಿಯೊಬ್ಬರ ಚೀಲದ ಮೇಲೆ. ಆಮೇಲೆ ಹಸಿವು. ಊಟ ಮುಗಿಸಿದ ಮರುಕ್ಷಣ ತಟ್ಟೆಯನ್ನು ನೆಲದ ಮೇಲೆಲ್ಲ ತಳ್ಳಿಕೊಂಡು ಬರುತ್ತಿತ್ತು. ಹೊಟ್ಟೆ ಮಡಕೆಯ ಹಾಗೆ ಜೋತುಬಿತ್ತು, ಕಾಲು ಕಡ್ಡಿಯಾಯಿತು, ಸುಮ್ಮನೆ ಮಲಗಿದ್ದರೂ ಏದುಸಿರು. ಕೊನೆಗೆ ಪಕ್ಕೆಯ ಎರಡೂ ಕಡೆ ಕೂದಲು ಉದುರಿ ಬೂದುಬಣ್ಣದ ಚರ್ಮ ಕಂಡಿತು.

ಕೂದಲು ಕತ್ತರಿಸುವವಳ ನಾಯಿ ಬೋಳಾದರೆ ಬೀದಿ ಸುಮ್ಮನಿರುತ್ತದೆಯೇ? ಬೆಂಚಿನ ಮೇಲೆ ಠಿಕಾಣಿ ಹೂಡುವ ಬಸ್ ಕಂಡಕ್ಟರ್ ಒಬ್ಬನಿದ್ದ, ನಾವು ಅವನನ್ನು ಬಾಯಿಬಡುಕ ಎಂದೇ ಕರೆಯುವುದು. ಮನೆಯವರಿಗೇ ಹೀಗೆ ಮಾಡಿದರೆ ಗಿರಾಕಿಗಳ ಗತಿ ಏನು ಎಂದು ಅವನು ಕೇಳಿದ್ದು ಬೀದಿ ಕೊನೆಯವರೆಗೂ ಹೋಯಿತು. ಅತ್ತಿಗೆ ನಕ್ಕಳು. ಗೋಡೆಯ ಈಚೆಗೆ ಅವಳ ಕತ್ತರಿ ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು. ಅವತ್ತು ಸಂಜೆಯೇ ಡಾಕ್ಟರ ಹತ್ತಿರ ಹೋಗೋಣ ಎಂದಳು.

ಅಣ್ಣ ಊಟ ಮಾಡುತ್ತಾ, “ನಂಗೂ ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ರಾತ್ರಿ ಎದ್ದೆದ್ದು ನೀರು ಕುಡೀತೀನಿ. ನನ್ನನ್ನ ಯಾರೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿಲ್ಲ” ಎಂದ. ವಯಸ್ಸಾಗಿದೆ ಅಷ್ಟೇ ಅನ್ನುವುದು ಅವನ ಮಾತಿನ ಅರ್ಥ. ಅತ್ತಿಗೆ ಬೊಗಸೆಯನ್ನು ಚೀಲದಲ್ಲಿ ಇಳಿಸಿಕೊಂಡು ಹೊರಟಳು. ಚೀಲದ ಇನ್ನೊಂದು ಹಿಡಿ ನಾನು ಹಿಡಿದೆ.

ನಾಯಿ ಡಾಕ್ಟರು ಒಬ್ಬ ಎತ್ತರದ ಹೆಂಗಸು, ಮಾತು ನಿಧಾನ, ಕೈ ಇನ್ನೂ ನಿಧಾನ. ಹೊರಗೆ ಉದ್ದದ ಬೆಂಚು, ಒಳಗೆ ಸ್ಟೀಲಿನ ಮೇಜು, ನಡುವೆ ಎಷ್ಟು ಒತ್ತಿದರೂ ಪೂರ್ತಿ ಮುಚ್ಚದ ಒಂದು ಬಾಗಿಲು. ಒಳಗಿನವರ ರೋಗವೆಲ್ಲ ಹೊರಗಿನವರಿಗೆ ಕೇಳುತ್ತಿತ್ತು. ಡಾಕ್ಟರು ಬೊಗಸೆಯ ಹೊಟ್ಟೆ ಮುಟ್ಟಿ ನೋಡಿದರು, ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಸಾವಿರ ಸಲ ಒಗೆದ ದಿಂಬಿನ ಚೀಲದ ಹಾಗಿತ್ತು ಆ ಚರ್ಮ. ಮೂತ್ರಪಿಂಡದ ಪಕ್ಕದಲ್ಲಿ ಅಡ್ರಿನಲ್ ಎಂಬ ಕಾಳಿನಷ್ಟು ಗ್ರಂಥಿ ಇರುತ್ತದೆ, ಅದು ಅತಿಯಾಗಿ ಕೆಲಸ ಮಾಡತೊಡಗಿದರೆ ಹೀಗೆಲ್ಲ ಆಗುತ್ತದೆ, ಅದೇ ಇರಬಹುದೆಂದು ಅನುಮಾನ ಎಂದರು. ಆಮೇಲೆ ಕೇಳಿದರು, ನಾಯಿಗೆ ಮಾತ್ರೆ, ಕಿವಿಗೆ ಹನಿ, ಚರ್ಮಕ್ಕೆ ಮುಲಾಮು, ಏನಾದರೂ ಹಾಕುತ್ತಿದ್ದೀರಾ ಎಂದು. ಅತ್ತಿಗೆ ಇಲ್ಲ ಎಂದಳು. ಅದು ನಿಜವೇ.

ಮೂತ್ರ ಬೇಕಿತ್ತು, ಮನೆಯಲ್ಲಿ, ಬೆಳಗಿನ ಹೊತ್ತು, ನಾಯಿ ಗಾಬರಿಯಾಗದಂತೆ ಹಿಡಿದದ್ದು. ಗಾಬರಿಯಾಗದಂತೆ ಎಂದು ಡಾಕ್ಟರು ಹೇಳಿದ್ದು ನಾಯಿಯ ಬಗ್ಗೆ. ನಮ್ಮ ಬಗ್ಗೆ ಏನೂ ಹೇಳಿರಲಿಲ್ಲ. ಅತ್ತಿಗೆ ಬಣ್ಣ ಕಲಸುವ ಹೊಸ ಬಟ್ಟಲನ್ನು ಹಿಡಿದು ಬೊಗಸೆಯ ಹಿಂದೆ ಬಗ್ಗಿಕೊಂಡು ಬೀದಿಯುದ್ದ ನಡೆದಳು. ನಾನು ಮುಂದೆ ನಿಂತು ಅದರ ಗಮನ ಬೇರೆಡೆ ಸೆಳೆಯಬೇಕಿತ್ತು. ಅದು ಕಾಲೆತ್ತಿದಾಗಲೆಲ್ಲ ಬಟ್ಟಲು ನೋಡಿ ಕಾಲಿಳಿಸುತ್ತಿತ್ತು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಕೊನೆಗೆ ನಾವಿಬ್ಬರೂ ಸೋತು ಬಟ್ಟಲನ್ನು ನೆಲದ ಮೇಲಿಟ್ಟು ಸೊಂಟ ಹಿಡಿದು ನಿಂತಾಗ ಅದು ತಾನಾಗಿಯೇ ಬಂದು ಬಟ್ಟಲಿನ ಒಳಗೇ ಹೊಯ್ದಿತು.

ಮೂತ್ರ ನೀರಿನಷ್ಟು ತೆಳುವಾಗಿದೆ, ರಕ್ತದಲ್ಲಿ ಯಕೃತ್ತಿನ ಒಂದು ಅಂಶ ಏರಿದೆ, ಎಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿದೆ ಎಂದರು ಡಾಕ್ಟರು. ಆದರೆ ಬೆರಳು ತೋರಿಸುವುದು ಸಾಕ್ಷಿಯಲ್ಲ, ಖಚಿತಕ್ಕೆ ಇನ್ನೊಂದು ಪರೀಕ್ಷೆ ಬೇಕು. ಒಮ್ಮೆ ರಕ್ತ ತೆಗೆದು, ಗ್ರಂಥಿಯನ್ನು ಕೆಣಕುವ ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಕಾದು ಮತ್ತೆ ರಕ್ತ ತೆಗೆಯಬೇಕು. ರೋಗ ಇದ್ದರೆ ಎರಡನೆಯ ಸಲ ಅಂಕಿ ಮೇಲಕ್ಕೆ ಹಾರುತ್ತದೆ. ಮನೆಗೆ ಬಂದು ಹೇಳಿದಾಗ ಅಣ್ಣ ಅಂದ, ಅಷ್ಟು ಗೊತ್ತಾಗಿದೆಯಲ್ಲ, ಮತ್ಯಾಕೆ ಚುಚ್ಚಿಸುವುದು, ಮಾತ್ರೆ ತಂದು ಶುರು ಮಾಡಿ ಎಂದು. ಅವನ ಮಾತಿನಲ್ಲಿ ನಾಯಿಯ ಮೇಲಿನ ಕರುಣೆಯೇ ಇತ್ತು. ನನಗೂ ಅದು ಸರಿ ಅನ್ನಿಸಿತು.

ಅತ್ತಿಗೆ, “ತಲೆ ನೋಡ್ದೆ ನಾನು ಕತ್ತರಿ ಹಾಕ್ತೀನಾ? ಹೆಸರು ಗೊತ್ತಾಗ್ದೆ ಇವನಿಗೆ ಮದ್ದು ಹಾಕಲ್ಲ” ಎಂದಳು. ವಾರದಲ್ಲಿ ಅತಿ ಹೆಚ್ಚು ಗಿರಾಕಿ ಬರುವ ದಿನ ಅಂಗಡಿಗೆ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಹೋದಳು. ಆ ಮಾತು ನಮ್ಮನ್ನು ಯಾವುದರಿಂದ ಉಳಿಸಿತು ಅನ್ನುವುದು ಅವತ್ತು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕಕ್ಕೆ ಮೂಲೆಮನೆಯ ಟೀಚರಮ್ಮ ಬೆಕ್ಕಿನ ಬುಟ್ಟಿ ಹಿಡಿದು ಬಂದು ಕೂತರು. ಅವರು ಅತ್ತಿಗೆಯ ಹಳೆಯ ಗಿರಾಕಿ. ಶುಚಿ ಎಂದರೆ ಪ್ರಾಣ. ಅಂಗಡಿಗೆ ಬರುವಾಗ ತಮ್ಮದೇ ಬಾಚಣಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ತರುವವರು. ಅವರನ್ನು ಕಂಡ ಕೂಡಲೇ ಅತ್ತಿಗೆ ಎರಡೂ ಕೈಗಳನ್ನು ಬೊಗಸೆಯ ಹೊಟ್ಟೆಯ ಕೆಳಗೆ ತೂರಿಸಿಕೊಂಡಳು. ನಾನು ಕಂಡೂ ಕಾಣದ ಹಾಗೆ ಗೋಡೆ ನೋಡಿದೆ.

ಫಲಿತಾಂಶ ಕೆಲವು ದಿನಗಳಾದ ಮೇಲೆ ಬಂತು. ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. ಅಂಕಿ ಹಾರಿರಲಿಲ್ಲ. ಮೊದಲೂ ಪಾತಾಳದಲ್ಲಿತ್ತು, ಇಂಜೆಕ್ಷನ್ ಆದ ಮೇಲೂ ಪಾತಾಳದಲ್ಲೇ ಇತ್ತು. ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿಲ್ಲ, ನಿದ್ದೆ ಹೋಗಿದೆ ಎಂದರು. ಅದು ತಯಾರಿಸಬೇಕಾದ ಸ್ಟೀರಾಯ್ಡ್ ಹೊರಗಿನಿಂದಲೇ ಧಾರಾಳವಾಗಿ ಸಿಗುತ್ತಿದೆ, ಹಾಗಾಗಿ ಕೆಲಸ ಬಿಟ್ಟು ಮಲಗಿದೆ. ಗ್ರಂಥಿಯನ್ನು ತಗ್ಗಿಸುವ ಮಾತ್ರೆ ಕೊಟ್ಟಿದ್ದರೆ ನಾಯಿಯ ಪ್ರಾಣಕ್ಕೇ ಬರುತ್ತಿತ್ತು. ನಾನು ಮನಸ್ಸಿನಲ್ಲೇ ಅತ್ತಿಗೆಯ ಹಟಕ್ಕೆ ಕೈಮುಗಿದೆ.

“ಎಲ್ಲಿಂದ್ಲೋ ಒಳಗೆ ಹೋಗ್ತಿದೆ. ಅದನ್ನ ನೀವೇ ಹುಡುಕ್ಬೇಕು. ಅದು ಗೊತ್ತಾಗೋವರೆಗೂ ನಾನು ಕೈಕಟ್ಟಿ ಕೂರ್ಬೇಕಾಗುತ್ತೆ” ಎಂದರು ಡಾಕ್ಟರು.

ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ತಾನು ಸುಳ್ಳು ಹೇಳಿದೆ ಎಂದು ಡಾಕ್ಟರು ತಿಳಿದಿದ್ದಾರೆ ಅನ್ನಿಸಿ ದಾರಿಯುದ್ದ ಬುಸುಗುಟ್ಟಿದಳು. ಅಂಗಡಿಗೆ ಬಂದವಳೇ ಬೀದಿಯನ್ನೆಲ್ಲ ವಿಚಾರಣೆಗೆ ನಿಲ್ಲಿಸಿದಳು. ಬಾಯಿಬಡುಕ ತಿನ್ನಿಸುವ ಬಿಸ್ಕತ್ತು ಯಾವುದು? ಅಣ್ಣನ ಸೊಂಟನೋವಿನ ಮಾತ್ರೆ ಎಲ್ಲಾದರೂ ಬಿದ್ದಿತ್ತೇ? ಕೊನೆಗೆ ಗೋಡೆ ದಾಟಿ ನನ್ನ ಸೋಪಿನ ಡಬ್ಬಕ್ಕೇ ಬೆರಳು ತೋರಿಸಿದಳು, ಟವೆಲ್ಲಿಗೆ ಏನು ಹಾಕಿ ಒಗೆಯುತ್ತೀಯಾ ಎಂದು. ನನಗೂ ರೇಗಿತು. ನಿನ್ನ ನಾಯಿ ಬೋಳಾದದ್ದಕ್ಕೆ ನನ್ನ ಸೋಪು ಕಾರಣವಾದರೆ ಊರೆಲ್ಲ ಬೋಳಾಗಬೇಕಿತ್ತು ಎಂದೆ. ನಾದಿನಿ–ಅತ್ತಿಗೆ ಜಗಳವೆಂದರೆ ಕೇಳಬೇಕೇ, ಬೆಂಚಿನವರು ಕೂದಲು ಕತ್ತರಿಸಿಕೊಳ್ಳುವುದನ್ನು ಮರೆತು ಕೂತರು.

ಸಂಜೆ ನಾನು ಸಿಟ್ಟಿನಲ್ಲೇ ನನ್ನ ಬಾಗಿಲು ಎಳೆಯುತ್ತಿದ್ದೆ. ಅತ್ತಿಗೆ ಎಂದಿನಂತೆ ಒಳಗೆ ಹೋಗಿ ಬಂದು ಮೆಟ್ಟಿಲ ಮೇಲೆ ಕೂತಳು. ಬೊಗಸೆ ಕಷ್ಟಪಟ್ಟು ತೊಡೆ ಹತ್ತಿ ಅವಳ ಹೆಬ್ಬೆರಳಿಗೆ ನಾಲಿಗೆ ಇಟ್ಟಿತು. ಅವಳು ನೋಡುತ್ತಾ ಕೂತಳು. ಇದ್ದಕ್ಕಿದ್ದಂತೆ ಕೈಗಳನ್ನು ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಬಿಸಿ ಇಸ್ತ್ರಿ ತಾಗಿದಾಗ ನಾನು ಎಳೆದುಕೊಳ್ಳುವ ಹಾಗೆ. ಬೊಗಸೆ ಅವಳ ಮುಖ ನೋಡಿತು. ಅವಳು ನನ್ನ ಮುಖ ನೋಡಿದಳು. ಒಳಗೆ ಬಾ ಎಂದಳು.

ಅಂಗಡಿಯ ದೀಪ ಹಾಕಿ ಕೈಗಳನ್ನು ನನ್ನ ಮುಂದೆ ಚಾಚಿದಳು. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ಕೆಂಪಗೆ ಕಾಣುತ್ತಿತ್ತು, ಮುಂಗೈ ಒಣಗಿದ ಕೆರೆಯ ತಳದಂತೆ ಸೀಳಿತ್ತು. ಬಣ್ಣ, ಶಾಂಪೂ, ಬಿಸಿನೀರು, ಎಷ್ಟೋ ವರ್ಷಗಳದ್ದು. ಜೇಬಿನಿಂದ ಒಂದು ಟ್ಯೂಬ್ ತೆಗೆದಳು, ಹಿಂಡಿ ಹಿಂಡಿ ಸುರುಟಿಹೋಗಿತ್ತು. ಹೋದ ವರ್ಷದಿಂದ ಔಷಧಿ ಅಂಗಡಿಯವನು ಕೊಡುವ ಕಡುಮದ್ದು, ಉರಿ ತಕ್ಷಣ ನಿಲ್ಲುತ್ತದೆ. ದಿನಾ ಸಂಜೆ ಅಂಗಡಿ ಮುಚ್ಚಿ ಕೈತೊಳೆದು ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ದಿನಾ ಸಂಜೆ ಬೊಗಸೆ ಅದನ್ನು ಚೊಕ್ಕಟವಾಗಿ ನೆಕ್ಕಿ ಮುಗಿಸುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಗೋಡೆ ತುಂಬ ಕನ್ನಡಿ ಇಟ್ಟುಕೊಂಡೂ ನಮಗೆ ಕಂಡಿರಲಿಲ್ಲ.

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಕೂದಲು ಕತ್ತರಿಸುವವಳ ಕೈಯಲ್ಲಿ ಹುಣ್ಣು ಎಂದರೆ ಯಾರು ತಲೆ ಕೊಡುತ್ತಾರೆ ಎಂದಳು. ಅಂಟುರೋಗ ಎಂದು ಒಬ್ಬರು ಅಂದರೆ ಸಾಕು, ಸಂಜೆಯೊಳಗೆ ಬೆಂಚು ಖಾಲಿ. ಈ ಅಂಗಡಿ ಅವಳು ಬಾಡಿಗೆ ಕುರ್ಚಿಯೊಂದರಿಂದ ಕಟ್ಟಿದ್ದು. ಊರು ನಂಬಿದ್ದು ಅವಳ ಬೋರ್ಡನ್ನಲ್ಲ, ಆ ಕೈಗಳನ್ನು.

ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ಒಂದು ಉಪಾಯ ಹೇಳಿದೆ. ಡಾಕ್ಟರಿಗೆ ನಾನು ಫೋನ್ ಮಾಡುತ್ತೇನೆ, ಸೋಪಿನಲ್ಲಿ ನೆನೆಯುವುದು ನನ್ನ ಕೈ ತಾನೇ, ಮುಲಾಮು ನಂದು, ನಾಯಿ ನೆಕ್ಕಿದ್ದು ನನ್ನ ಕೈ ಎಂದು ಹೇಳಿಬಿಡುತ್ತೇನೆ. ಡಾಕ್ಟರಿಗೆ ಬೇಕಾದದ್ದು ಮುಲಾಮಿನ ಹೆಸರು, ಕೈ ಯಾರದಾದರೇನು? ಅತ್ತಿಗೆ ನನ್ನನ್ನು ತುಂಬ ಹೊತ್ತು ನೋಡಿದಳು. ಹಾಗೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು, ಇಲಿಯ ಮಾತು ಬಂದ ದಿನ ಬಿಟ್ಟರೆ.

“ಅವನು ನೆಕ್ಕಿದ್ದು ನನ್ನ ಕೈ ಕಣೆ” ಎಂದಳು.

ಬೆಳಿಗ್ಗೆ ಬೊಗಸೆ ಬುಟ್ಟಿಯಿಂದ ಏಳಲಿಲ್ಲ. ಊಟದ ತಟ್ಟೆಗೂ ಏಳಲಿಲ್ಲ, ಅದು ಅವನ ಮಟ್ಟಿಗೆ ಆಗದ ಮಾತು. ನಾವು ಹೋಗುವಷ್ಟರಲ್ಲಿ ಡಾಕ್ಟರ ಬೆಂಚು ತುಂಬಿತ್ತು. ಬಾಗಿಲಿಗೆ ಅಂಟಿಕೊಂಡಂತೆ ಕೂತಿದ್ದವರು ಟೀಚರಮ್ಮ, ಮಡಿಲಲ್ಲಿ ಬೆಕ್ಕು. ಸ್ವಲ್ಪ ತಡೆ, ಅವರು ಹೋಗಲಿ ಎಂದು ನಾನು ಅತ್ತಿಗೆಯ ತೋಳು ಹಿಡಿದೆ. ಅವಳು ಚೀಲದೊಳಗೆ ಒಮ್ಮೆ ನೋಡಿದಳು. ನನ್ನ ಕೈ ಬಿಡಿಸಿಕೊಂಡು, ಸರದಿಯವರ ಕ್ಷಮೆ ಕೇಳಿ ನೆಟ್ಟಗೆ ಒಳಗೆ ಹೋದಳು. ಆ ಹಾಳು ಬಾಗಿಲು ಎಂದಿನಂತೆ ಅರ್ಧ ತೆರೆದೇ ಇತ್ತು.

ಬೊಗಸೆಯನ್ನು ಮೇಜಿನ ಮೇಲೆ ಮಲಗಿಸಿ, ಟ್ಯೂಬನ್ನು ಪಕ್ಕಕ್ಕಿಟ್ಟು, ಅದರ ಪಕ್ಕದಲ್ಲಿ ತನ್ನ ಎರಡು ಕೈಗಳನ್ನು ಬೆರಳು ಬಿಡಿಸಿ ಇಟ್ಟಳು. ದೊಡ್ಡ ದೀಪದ ಕೆಳಗೆ ಒಂದು ಬಿರುಕೂ ಮರೆಯಾಗುವಂತಿರಲಿಲ್ಲ.

“ಸುಳ್ಳು ಹೇಳಿರ್ಲಿಲ್ಲ ಡಾಕ್ಟ್ರೇ. ಅವನಿಗೆ ಹಾಕ್ತಿರ್ಲಿಲ್ಲ, ನಂಗೆ ಹಚ್ಕೋತಿದ್ದೆ. ಅವನು ದಿನಾ ನೆಕ್ತಿದ್ದ, ನಾನು ಪ್ರೀತಿ ಅಂದ್ಕೊಂಡು ಕೂತಿದ್ದೆ” ಎಂದಳು. ದನಿ ತಗ್ಗಿಸಲಿಲ್ಲ. ಹೊರಗಿನ ಬೆಂಚಿನವರೆಲ್ಲ ಬಾಗಿಲ ಕಡೆ ಕತ್ತು ಚಾಚಿದರು.

ಡಾಕ್ಟರು ಟ್ಯೂಬ್ ಓದಿದರು, ಕೈಗಳನ್ನು ನೋಡಿದರು, ನಿನ್ನೆಯಿಂದ ನೆಕ್ಕಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದ ಮೇಲೆ ಮಾತು ನಿಲ್ಲಿಸಿ ಸೂಜಿ ಕೈಗೆತ್ತಿಕೊಂಡರು. ನಿಧಾನದ ಹೆಂಗಸು ಅಷ್ಟು ಬೇಗ ಓಡಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಔಷಧಿ ಒಳಗೆ ಇಳಿದು ಬೊಗಸೆ ತಲೆ ಎತ್ತಿದ ಮೇಲೆ ವಿವರಿಸಿದರು. ಆ ಮುಲಾಮಿನ ಸ್ಟೀರಾಯ್ಡ್ ಮನುಷ್ಯರ ಕೈಗೆ ಚೂರು, ಈ ಗಾತ್ರದ ನಾಯಿಗೆ ರಾಶಿ. ಗ್ರಂಥಿ ಮಲಗಿರುವಾಗ ಹೊರಗಿನದು ಏಕಾಏಕಿ ನಿಂತರೆ ನಾಯಿ ಕುಸಿದುಬೀಳುತ್ತದೆ. ಅದೇ ಮದ್ದನ್ನು ಮಾತ್ರೆಯಾಗಿ ಕೊಟ್ಟು, ವಾರವಾರವೂ ಇಳಿಸುತ್ತಾ, ಗ್ರಂಥಿಯನ್ನು ಮೆಲ್ಲಗೆ ಎಬ್ಬಿಸಬೇಕು. ಗೆಡ್ಡೆಯಿಲ್ಲ, ಜೀವನಪೂರ್ತಿ ರೋಗವಿಲ್ಲ, ವಾಸಿಯಾಗುತ್ತದೆ.

“ಮಧ್ಯಾಹ್ನದವರೆಗೆ ಯೋಚ್ನೆ ಮಾಡ್ಕೊಂಡು ಕೂತಿದ್ರೆ ಇವನು ಉಳೀತಿರ್ಲಿಲ್ಲ. ಈ ರೋಗ ಕಂಡುಹಿಡಿದದ್ದು ನೀವು, ನಾನಲ್ಲ” ಎಂದರು.

ನನ್ನ ಅತ್ತಿಗೆಗೆ ಹೊಗಳಿಕೆ ಹೊಸದಲ್ಲ. ಆದರೆ ಆ ಮಾತಿಗೆ ಅವಳ ಮುಖ ನೋಡಬೇಕಿತ್ತು. ಹೊರಗೆ ಬರುವಾಗ ಕೈಗಳನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ; ಚೀಲವನ್ನು ಎದೆಗೆ ಅಪ್ಪಿಕೊಂಡು, ಹತ್ತು ಬೆರಳೂ ಕಾಣುವಂತೆ ಬೆಂಚಿನ ಮುಂದೆ ನಡೆದಳು. ಟೀಚರಮ್ಮ ತಲೆ ಬಗ್ಗಿಸಿ ಬೆಕ್ಕನ್ನು ಸವರಿದರು. ನನ್ನ ಎದೆ ಉಬ್ಬಿತ್ತು. ಇವಳು ನಮ್ಮ ಮನೆಯವಳು ಎಂದು ಬೆಂಚಿನ ಪ್ರತಿಯೊಬ್ಬರಿಗೂ ಹೇಳಬೇಕೆನ್ನಿಸಿತು. ಅದರ ಬದಲು ಅವಳ ಚಪ್ಪಲಿಯನ್ನು ಅವಳ ಕಾಲ ಬಳಿ ಸರಿಸಿ ಇಟ್ಟೆ.

ಚರ್ಮದ ಡಾಕ್ಟರೊಬ್ಬರು ಅವಳ ಕೈ ನೋಡಿ, ಇದು ಅಂಟುವುದಲ್ಲ, ಬಣ್ಣ ತಾಗಿ ಆಗಿರುವುದು, ಕೈಗವಸು ಹಾಕದೆ ಬೇರೆ ದಾರಿಯಿಲ್ಲ ಎಂದರು. ಅಂದಿನಿಂದ ಅತ್ತಿಗೆ ಬರಿಗೈಯನ್ನು ಬಿಟ್ಟಳು. ಯಾರು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಬ್ಬ ಬಾಯಿಬಡುಕನಿಗೆ ಹೇಳಿದರೆ ಸಾಕಿತ್ತು. ಅವನು ಅಂಗಡಿಯನ್ನು ಆಪರೇಷನ್ ಥಿಯೇಟರ್ ಎಂದು ಕರೆದ, ಆದರೆ ತಲೆ ಮಾತ್ರ ತಪ್ಪದೆ ತಂದ. ಎಲ್ಲರೂ ಹಾಗಿರಲಿಲ್ಲ. ಕೆಲವರು ದಾಟಿಹೋಗುವಾಗ ಆಚೆ ಬದಿಯ ಅಂಗಡಿಗಳನ್ನು ನೋಡಿಕೊಂಡು ಹೋದರು. ಬೆಂಚಿನಲ್ಲಿ ಜಾಗ ಕಾಣಿಸತೊಡಗಿತು. ಗೋಡೆಯ ಈಚೆಗೆ ಕತ್ತರಿಯ ಸದ್ದು ನಿಂತು ನಿಂತು ಬರುತ್ತಿತ್ತು.

ಒಂದು ಬೆಳಿಗ್ಗೆ, ಬೀದಿ ತುಂಬ ಜನ ಓಡಾಡುವ ಹೊತ್ತು, ನಾನು ಇಸ್ತ್ರಿಯ ತಂತಿ ಕಿತ್ತು ಪಕ್ಕದ ಅಂಗಡಿಗೆ ಹೋಗಿ ಕಿಟಕಿಗೆ ಎದುರಾಗಿರುವ ಆ ಕುರ್ಚಿಯಲ್ಲಿ ಕೂತೆ. ಅತ್ತಿಗೆ ಕನ್ನಡಿಯಲ್ಲಿ ನನ್ನನ್ನು ನೋಡಿ, “ಏನು, ಇಲಿಗೆ ರಜೆನಾ?” ಎಂದಳು.

“ಇಲಿಗೆ ವಯಸ್ಸಾಯ್ತು. ನೀನೇ ಕತ್ತರಿಸು” ಎಂದೆ.

ಅವಳು ಬೇಕೆಂದೇ ನಿಧಾನ ಮಾಡಿದಳು, ದಾರಿಹೋಕರೆಲ್ಲ ನೋಡಲಿ ಎಂದು. ನಾನೂ ಬೇಕೆಂದೇ ನೆಟ್ಟಗೆ ಕೂತೆ. ಕೈಗವಸಿನ ಬೆರಳು ನೆತ್ತಿಗೆ ಬಂದಾಗ ಮೊದಲು ರಬ್ಬರು ಅನ್ನಿಸಿತು, ಆಮೇಲೆ ಏನೂ ಅನ್ನಿಸಲಿಲ್ಲ. ಎದ್ದಾಗ ತಲೆ ಮುಗಿದಿತ್ತು, ನನ್ನ ಗೊರಕೆಯ ಬಗ್ಗೆ ಬಾಯಿಬಡುಕ ಬೀದಿಗೆ ವರದಿ ಒಪ್ಪಿಸುತ್ತಿದ್ದ. ಕನ್ನಡಿಯಲ್ಲಿ ಕಂಡವಳು ನಾನೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಜನ ಒಬ್ಬೊಬ್ಬರಾಗಿ ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ಟೀಚರಮ್ಮ ಎಷ್ಟೋ ದಿನಗಳ ಮೇಲೆ ಬಂದರು. ಬಾಚಣಿಗೆಯೂ ಜೊತೆಗೇ ಬಂತು.

ಎಲ್ಲರಿಗಿಂತ ಕಷ್ಟ ಬಿದ್ದವನು ಬೊಗಸೆ. ಸಂಜೆ ಮೆಟ್ಟಿಲ ಮೇಲೆ ಅವನಿಗೆ ಸಿಗುತ್ತಿದ್ದದ್ದು ಬಟ್ಟೆಯ ಕೈಗವಸು ತೊಟ್ಟ ಕೈ. ಮೊದಲು ಗೋಗರೆದ, ಆಮೇಲೆ ಮುನಿಸಿಕೊಂಡು ಅಣ್ಣನ ತೊಡೆಗೆ ಹೋದ. ಅಣ್ಣನ ಮುಖದಲ್ಲಿ ಗೆದ್ದ ಕಳೆ ಇತ್ತು. ನೀರಿನ ಬಟ್ಟಲು ಮತ್ತೆ ಸಂಜೆಯವರೆಗೆ ಉಳಿಯತೊಡಗಿತು. ಹೊಟ್ಟೆ ಒಳಗೆ ಹೋಯಿತು. ಬೋಳಾದ ಪಕ್ಕೆಗಳಲ್ಲಿ ಕೂದಲು ಹುಟ್ಟಿತು, ಬಿಳಿಯಲ್ಲ, ಕಂದು. ಬಣ್ಣ ಹಚ್ಚಿದ್ದಾಳೆ ಎಂದು ಬೆಂಚಿನವರು ಪಂತ ಕಟ್ಟಿದರು.

ಕೊನೆಯ ಪರೀಕ್ಷೆಯಲ್ಲಿ ಅಂಕಿ ಎದ್ದು ನಿಂತಿತ್ತು. ಗ್ರಂಥಿ ಎಚ್ಚರವಾಗಿದೆ, ಮಾತ್ರೆ ಸಾಕು ಎಂದರು ಡಾಕ್ಟರು. ಈಗ ಮೈಯ ಕೂದಲು ಉದುರುವ ನಾಯಿ ಯಾವುದು ಬಂದರೂ ಅವರು ನಾಯಿಗಿಂತ ಮೊದಲು ಸಾಕಿದವರ ಕೈ ನೋಡುತ್ತಾರಂತೆ. ಅದನ್ನು ಕೇಳಿಸಿಕೊಂಡ ಅತ್ತಿಗೆ ಒಂದು ತಿಂಗಳು ಅದೇ ಕಥೆಯನ್ನು ಕುರ್ಚಿಗೆ ಬಂದ ಪ್ರತಿ ತಲೆಗೂ ಹೇಳಿದಳು. ನಾನು ಗೋಡೆಯ ಈಚೆಗೆ ಪ್ರತಿ ಸಲವೂ ಕೇಳಿದೆ, ಬೇಸರವಾಗಲಿಲ್ಲ.

ಆ ಹೊತ್ತಿಗೆ ಅವಳ ಕೈಯ ಬಿರುಕುಗಳೂ ಕೂಡಿಕೊಂಡಿದ್ದವು. ಟವೆಲ್ಲುಗಳಲ್ಲಿ ಚುಕ್ಕಿ ಇಲ್ಲದ್ದು ನನಗೇ ಮೊದಲು ಗೊತ್ತಾದದ್ದು. ಮುಲಾಮು ಬಿಟ್ಟು ಬಹಳ ದಿನವಾಗಿತ್ತು. ಇನ್ನು ನೆಕ್ಕಿದರೆ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಕುರ್ಚಿಯಲ್ಲಿದ್ದೆ, ಈಗ ನನ್ನದೂ ಅಲ್ಲಿ ಖಾಯಂ ಸರದಿ. ಅತ್ತಿಗೆ ಕತ್ತರಿಸುತ್ತಿದ್ದವಳು ನಡುವೆ ನಿಲ್ಲಿಸಿದಳು. ಕೈಗವಸು ಬಿಚ್ಚಿ ಬೇಸಿನ್ನಿನ ಮೇಲಿಟ್ಟಳು, ಕೈ ತೊಳೆದಳು, ಬುಟ್ಟಿಯ ಮುಂದೆ ಮಂಡಿಯೂರಿ ಬರಿಗೈ ಚಾಚಿದಳು.

ಬೊಗಸೆ ಕೈ ನೋಡಿದ, ಅವಳ ಮುಖ ನೋಡಿದ. ಇಷ್ಟು ದಿನ ಬೇಡವೆಂದದ್ದು ಅವನಿಗೆ ನೆನಪಿತ್ತು; ಮೂಸಿ, ಹಿಂದೆ ಸರಿದು ಕೂತ. ಅತ್ತಿಗೆ ಕೈ ತೆಗೆಯಲಿಲ್ಲ. ಅವಳ ಭುಜ ಅಲುಗುತ್ತಿದ್ದದ್ದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವನು ಹೆಬ್ಬೆರಳಿಗೆ ಒಮ್ಮೆ ನಾಲಿಗೆ ತಾಗಿಸಿದ, ಬೈಸಿಕೊಳ್ಳಲಿಲ್ಲ. ಆಮೇಲೆ ಅಂಗೈ, ಮುಂಗೈ, ಬೆರಳ ಸಂದು, ಉಗುರಿನ ಬುಡ.

“ಬೇಗ ಮುಗಿಸ್ಕೋ, ಗಿರಾಕಿ ಕಾಯ್ತಿದಾರೆ” ಎಂದಳು ಅತ್ತಿಗೆ.

ನಾನು ಅರ್ಧ ತಲೆ ಕತ್ತರಿಸಿಕೊಂಡು ಕೂತು ಕಾದೆ.